ಮೂರನೆಯ ಅಂಕಕ್ಕೇ ತೆರೆ ಎಳೆಯಬೇಡಿ: ಕಾಲೇಜು ನಾಟಕ ಸ್ಪರ್ಧೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಅಂತರಕಾಲೇಜು ನಾಟಕ ಸ್ಪರ್ಧೆ ನಡೆಸುವವರಿಗೆ, ಅದಕ್ಕೆ ಹುಡುಗ ಹುಡುಗಿಯರನ್ನು ತಯಾರು ಮಾಡುವ ನಿರ್ದೇಶಕರಿಗೆ, ಪಠ್ಯಪುಸ್ತಕಕ್ಕೆ ಯಾವ ನಾಟಕದ ಯಾವ ತುಣುಕು ಎಂದು ಆರಿಸುವ ಸಮಿತಿಯವರಿಗೆ, ಎಲ್ಲರಿಗೂ ಸೇರಿಸಿ ಈ ಒಂದೇ ಪತ್ರ. ಬೇಡಿಕೆ ದೊಡ್ಡದೇನಲ್ಲ. ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ಆಡಿಸುವುದಾದರೆ, ಕಲಿಸುವುದಾದರೆ, ಮೂರನೆಯ ಅಂಕಕ್ಕೇ ಮಂಗಳ ಹಾಡಬೇಡಿ.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಆಗೀಗ ತೀರ್ಪುಗಾರನಾಗಿ ಕರೆಯುತ್ತಾರೆ, ಹೋಗುತ್ತೇನೆ. ಈಚೆಗೆ ಒಂದು ಸ್ಪರ್ಧೆಯಲ್ಲಿ ಎರಡು ತಂಡಗಳು ಸೀಸರನನ್ನೇ ಎತ್ತಿಕೊಂಡಿದ್ದವು. ಮೊದಲ ತಂಡದ್ದು ಕೊಲೆಗೇ ಮುಗಿಯಿತು. ಏಳೆಂಟು ಹುಡುಗರು ಕೆಂಪು ಬಣ್ಣ ಮೆತ್ತಿದ ಕೈ ಎತ್ತಿ ‘ಸ್ವಾತಂತ್ರ್ಯ!’ ಎಂದು ಕೂಗಿದರು, ಬೆಳಕು ಆರಿತು, ಸಭಾಂಗಣ ತುಂಬ ಶಿಳ್ಳೆ. ಎರಡನೆಯ ತಂಡ, ಸೀಸರನ ಗೆಳೆಯ ಆಂಟನಿ ಹೆಣದ ಮುಂದೆ ಮಾಡುವ ಭಾಷಣದವರೆಗೆ ಬಂತು. ಆಂಟನಿ ಮಾಡಿದ ಹುಡುಗ ಚೆನ್ನಾಗಿಯೇ ಮಾಡಿದ, ಅವನಿಗೆ ಬಹುಮಾನವೂ ಬಂತು. ಉಳಿದದ್ದೆಲ್ಲಿ ಎಂದು ಕೇಳಿದೆ. ‘ನಲವತ್ತು ನಿಮಿಷದಲ್ಲಿ ಮುಗಿಸ್ಬೇಕಲ್ಲ ಸಾರ್, ಅದೂ ಅಲ್ದೆ ಕೊಲೆ ಆದ್ಮೇಲೆ ಕಥೆ ಡಲ್ಲು’ ಎಂದರು.

ಆ ಮಾತಿಗೆ ಅಲ್ಲಿ ನಗುತ್ತ ಸುಮ್ಮನಾದೆ. ಮನೆಗೆ ಬಂದ ಮೇಲೆ ತಡೆಯಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಐದು ಅಂಕದ ನಾಟಕದಲ್ಲಿ ಸೀಸರ್ ಸಾಯುವುದು ಮೂರನೆಯ ಅಂಕದ ಮೊದಲ ದೃಶ್ಯದಲ್ಲಿ, ಇನ್ನೂ ಅರ್ಧ ನಾಟಕ ಬಾಕಿ ಇರುವಾಗ. ‘ಮ್ಯಾಕ್‌ಬೆತ್’ನಲ್ಲಿ ಇನ್ನೂ ಬೇಗ. ಎರಡನೆಯ ಅಂಕ ಶುರುವಾಗುತ್ತಿದ್ದಂತೆ ಡಂಕನ್ ದೊರೆಯ ಕಥೆ ಮುಗಿಯುತ್ತದೆ, ಅದೂ ರಂಗದ ಹಿಂದೆ, ನಮ್ಮ ಕಣ್ಣಿಗೆ ಬೀಳದ ಹಾಗೆ. ಕೊಲೆಯೇ ಕಥೆಯಾಗಿದ್ದರೆ ಶೇಕ್ಸ್‌ಪಿಯರನಂಥ ಕಸುಬುದಾರ ಅದನ್ನು ಕೊನೆಗೆ ಉಳಿಸಿಕೊಳ್ಳುತ್ತಿರಲಿಲ್ಲವೇ? ಅವನಿಗೆ ಬೇಕಿದ್ದದ್ದು ಮಾರನೆಯ ದಿನ. ಮಾರನೆಯ ದಿನವನ್ನೇ ಕತ್ತರಿಸಿ ಎಸೆದರೆ ಉಳಿಯುವುದು ಕೊಲೆಗಾರರಿಗೆ ಇಷ್ಟವಾಗುವ ನಾಟಕ. ಇದು ನನ್ನ ಅಲಂಕಾರದ ಮಾತೆಂದು ತಿಳಿಯಬೇಡಿ. ಹಾಗೆ ಅರ್ಧ ನಾಟಕವನ್ನಷ್ಟೇ ತಲೆಯಲ್ಲಿಟ್ಟುಕೊಂಡು ನಿಜವಾಗಿಯೂ ಗುಂಡು ಹಾರಿಸಿದ ನಟನೊಬ್ಬ ಇದ್ದ.

ಅವನ ಅಪ್ಪನ ಹೆಸರು ಜೂನಿಯಸ್ ಬ್ರೂಟಸ್ ಬೂತ್. ಹೆಸರಿನಲ್ಲೇ ಬ್ರೂಟಸ್, ಸೀಸರನನ್ನು ಕೊಂದವರ ಮುಂದಾಳು. ಲಂಡನ್ನಿನಿಂದ ಅಮೆರಿಕಕ್ಕೆ ಹೋಗಿ ಹೆಸರು ಮಾಡಿದ ಶೇಕ್ಸ್‌ಪಿಯರ್ ನಟ. ಮೂವರು ಗಂಡುಮಕ್ಕಳು ಅಪ್ಪನ ಕಸುಬನ್ನೇ ಹಿಡಿದರು. 1864ರ ನವೆಂಬರ್ 25ರಂದು ನ್ಯೂಯಾರ್ಕಿನ ವಿಂಟರ್ ಗಾರ್ಡನ್ ರಂಗಮಂದಿರದಲ್ಲಿ ಮೂವರೂ ಸೇರಿ ‘ಜೂಲಿಯಸ್ ಸೀಸರ್’ ಆಡಿದರು. ಬ್ರೂಟಸನ ಪಾತ್ರ ಎಡ್ವಿನ್‌ನದು, ಅವನ ಜತೆ ಸಂಚು ಹೂಡುವ ಕ್ಯಾಸಿಯಸ್‌ನದು ಅಪ್ಪನ ಹೆಸರೇ ಇದ್ದ ಜೂನಿಯಸ್‌ನದು, ಮಾರ್ಕ್ ಆಂಟನಿಯದು ಜಾನ್ ವಿಲ್ಕ್ಸ್‌ನದು. ಸೆಂಟ್ರಲ್ ಪಾರ್ಕಿನಲ್ಲಿ ಶೇಕ್ಸ್‌ಪಿಯರನ ಪ್ರತಿಮೆ ನಿಲ್ಲಿಸಲು ಹಣ ಕೂಡಿಸುವ ಸಹಾಯಾರ್ಥ ಪ್ರದರ್ಶನ ಅದು. ಅದೇ ರಾತ್ರಿ, ಅಮೆರಿಕದ ಅಂತರ್ಯುದ್ಧದಲ್ಲಿ ಲಿಂಕನ್ ಸರ್ಕಾರದ ವಿರುದ್ಧ ಎದ್ದಿದ್ದ ದಕ್ಷಿಣದ ಬಂಡಾಯಗಾರರ ಕಡೆಯವರು ನ್ಯೂಯಾರ್ಕಿನ ಹೋಟೆಲುಗಳಿಗೆ ಬೆಂಕಿ ಇಟ್ಟರು. ರಂಗಮಂದಿರದ ಪಕ್ಕದ ಹೋಟೆಲಿನಲ್ಲೂ ಹೊಗೆ ಎದ್ದು ಪ್ರೇಕ್ಷಕರಲ್ಲಿ ಗಾಬರಿಯಾಯಿತು. ಬ್ರೂಟಸ್ ವೇಷದಲ್ಲಿದ್ದ ಎಡ್ವಿನ್ ಮುಂದೆ ಬಂದು ಜನರನ್ನು ಸಮಾಧಾನ ಮಾಡಿ ಕೂರಿಸಿದ, ನಾಟಕ ಮುಂದುವರಿಯಿತು.

ಆಮೇಲಿನದು ನಿಮಗೆ ಗೊತ್ತು. ಐದು ತಿಂಗಳು ಕಳೆಯುವುದರೊಳಗೆ, 1865ರ ಏಪ್ರಿಲ್ 14ರ ರಾತ್ರಿ, ವಾಷಿಂಗ್ಟನ್ನಿನ ಫೋರ್ಡ್ಸ್ ರಂಗಮಂದಿರದಲ್ಲಿ ಒಂದು ಹಾಸ್ಯ ನಾಟಕ ನಡೆಯುತ್ತಿದ್ದಾಗ ಜಾನ್ ವಿಲ್ಕ್ಸ್ ಬೂತ್ ಅಧ್ಯಕ್ಷ ಅಬ್ರಹಾಂ ಲಿಂಕನ್ ತಲೆಯ ಹಿಂಭಾಗಕ್ಕೆ ಗುಂಡು ಹೊಡೆದ. ನಟನಾದ್ದರಿಂದ ಆ ನಾಟಕ ಅವನಿಗೆ ಬಾಯಿಪಾಠ. ಯಾವ ಮಾತಿಗೆ ಇಡೀ ಮಂದಿರ ಜೋರಾಗಿ ನಗುತ್ತದೆ ಎಂಬ ಲೆಕ್ಕ ಅವನಿಗಿತ್ತು, ಆ ನಗುವಿಗೇ ಕಾದು ಕುದುರೆ ಎಳೆದ. ಬಾಲ್ಕನಿಯಿಂದ ರಂಗಕ್ಕೆ ಹಾರಿದ; ‘ಸಿಕ್ ಸೆಂಪರ್ ಟಿರಾನಿಸ್’, ದಬ್ಬಾಳಿಕೆಗಾರರ ಗತಿ ಯಾವತ್ತೂ ಇದೇ, ಎಂದು ಲ್ಯಾಟಿನ್ನಿನಲ್ಲಿ ಕೂಗಿದ. ಹೊಡೆದು ಹಿಂಬಾಗಿಲಲ್ಲಿ ಮೆಲ್ಲನೆ ಜಾರಿಕೊಳ್ಳಬಹುದಿತ್ತು. ರಂಗದ ನಡುವೆ ಬಂದು ಮಾತು ಒಪ್ಪಿಸದೆ ಹೋಗುವುದು ಅವನಿಂದ ಆಗಲಿಲ್ಲ.

ನನಗೆ ಮುಖ್ಯವಾಗಿ ಕಾಣುವುದು ನಂತರದ ಹನ್ನೆರಡು ದಿನ. ಕಾಲು ಮುರಿದುಕೊಂಡು ಮೇರಿಲ್ಯಾಂಡಿನ ಪೈನ್ ಮರಗಳ ಪೊದೆಯಲ್ಲಿ ಬೂತ್ ಅಡಗಿ ಕೂತಿದ್ದ. ಸಹಾಯ ಮಾಡುತ್ತಿದ್ದವನು ಊಟದ ಜತೆ ಪತ್ರಿಕೆಗಳನ್ನೂ ತಂದುಕೊಡುತ್ತಿದ್ದ. ಊಟಕ್ಕಿಂತ ಪತ್ರಿಕೆಗೆ ಅವನ ಹಸಿವು ಹೆಚ್ಚು, ಪ್ರಯೋಗದ ಮರುದಿನ ವಿಮರ್ಶೆ ಹುಡುಕುವ ನಟನ ಹಾಗೆ. ಎಲ್ಲ ಕಡೆ ಉಗಿತ. ದಕ್ಷಿಣದವರಾದರೂ ಹೊಗಳುತ್ತಾರೆಂದು ನಂಬಿದ್ದ, ಅಲ್ಲೂ ಅಸಹ್ಯಪಟ್ಟವರೇ ಹೆಚ್ಚು. ಜೇಬಿನಲ್ಲಿದ್ದ ಹಳೆಯ ದಿನಚರಿ ಪುಸ್ತಕದಲ್ಲಿ ಅವನು ಗೀಚಿಕೊಂಡದ್ದು ಈಗಲೂ ಆ ರಂಗಮಂದಿರದ ಸಂಗ್ರಹಾಲಯದಲ್ಲಿದೆ: ಬ್ರೂಟಸನಿಗೆ ಯಾವುದಕ್ಕೆ ಗೌರವ ಸಿಕ್ಕಿತೋ, ವಿಲಿಯಂ ಟೆಲ್ (ದಬ್ಬಾಳಿಕೆಯ ಅಧಿಕಾರಿಯನ್ನು ಕೊಂದ ಸ್ವಿಸ್ ಕಥಾನಾಯಕ) ಯಾವುದರಿಂದ ವೀರನೆನಿಸಿದನೋ ಅದನ್ನೇ ನಾನು ಮಾಡಿದೆ, ಆದರೂ ಎಲ್ಲರ ಕೈ ನನ್ನ ವಿರುದ್ಧ ಎದ್ದಿದೆ, ಎಂಬರ್ಥದ ಮಾತು.

ಬ್ರೂಟಸನಿಗೆ ಗೌರವ ಸಿಕ್ಕಿತಂತೆ! ಯಾವ ನಾಟಕದಲ್ಲಿ? ಇವನು ಸ್ವತಃ ಆಡಿದ ನಾಟಕದಲ್ಲಿ ಬ್ರೂಟಸ್ ರೋಮಿನಿಂದ ಹುಚ್ಚು ಹಿಡಿದವನಂತೆ ಕುದುರೆ ಏರಿ ಓಡಿಹೋಗುತ್ತಾನೆ, ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ, ಗೆಳೆಯನ ಜತೆ ದುಡ್ಡಿಗಾಗಿ ಕಚ್ಚಾಡುತ್ತಾನೆ, ಸೋತು, ಬೇರೊಬ್ಬ ಹಿಡಿದ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಸತ್ತ ಮೇಲೆ ಆಂಟನಿ ಅವನನ್ನು ಎಲ್ಲರಿಗಿಂತ ಉದಾತ್ತನಾದ ರೋಮನ್ ಎಂದು ಹೊಗಳುವುದು ನಿಜ. ಗೆದ್ದವನಿಗೆ ಹೆಣವನ್ನು ಹೊಗಳಲು ಖರ್ಚೇನಿಲ್ಲ. ಬೂತ್ ಆ ರಾತ್ರಿ ಆಂಟನಿಯ ಮಾತುಗಳನ್ನು ಒಪ್ಪಿಸಿದವನು. ಕೊಲೆಯ ಹೊತ್ತಿಗೆ ಅವನಿಗೆ ನೆನಪಿದ್ದದ್ದು ಎತ್ತಿದ ಬಾಕು ಮಾತ್ರ. ಏಪ್ರಿಲ್ 26ರಂದು ವರ್ಜೀನಿಯಾದ ಒಂದು ತಂಬಾಕಿನ ಕೊಟ್ಟಿಗೆಗೆ ಸೈನಿಕರು ಬೆಂಕಿ ಹಚ್ಚಿದಾಗ ಕುತ್ತಿಗೆಗೆ ಗುಂಡು ತಾಗಿ ಸತ್ತ.

ಅವನು ಕೊಂದ ಮನುಷ್ಯನಿಗೆ ಶೇಕ್ಸ್‌ಪಿಯರ್ ಅವನಿಗಿಂತ ಚೆನ್ನಾಗಿ ಗೊತ್ತಿದ್ದ. ಲಿಂಕನ್ 1863ರಲ್ಲಿ ಹ್ಯಾಕೆಟ್ ಎಂಬ ನಟನಿಗೆ ಬರೆದ ಪತ್ರದಲ್ಲಿ ‘ಮ್ಯಾಕ್‌ಬೆತ್’ಗೆ ಸಮನಾದದ್ದು ಯಾವುದೂ ಇಲ್ಲ ಎಂದಿದ್ದ. 1865ರ ಏಪ್ರಿಲ್ 9, ಅಂದರೆ ದಕ್ಷಿಣದ ಸೇನಾಪತಿ ಲೀ ಶರಣಾದ ದಿನವೇ, ರಣರಂಗ ನೋಡಿ ವಾಷಿಂಗ್ಟನ್ನಿಗೆ ವಾಪಸು ಬರುವ ಹಡಗಿನಲ್ಲಿ ಲಿಂಕನ್ ಜತೆಗಾರರಿಗೆ ಶೇಕ್ಸ್‌ಪಿಯರನನ್ನು ಗಂಟೆಗಟ್ಟಲೆ ಓದಿ ಹೇಳಿದ. ಜತೆಯಲ್ಲಿದ್ದ ಫ್ರೆಂಚ್ ಅತಿಥಿ ಶಾಂಬ್ರನ್ ಇದನ್ನು ಬರೆದಿಟ್ಟಿದ್ದಾನೆ. ಡಂಕನನ ಕೊಲೆಯಾದ ಮೇಲೆ ಮ್ಯಾಕ್‌ಬೆತ್ ತಾನು ಕೊಂದವನ ನಿದ್ದೆಯನ್ನು ಕಂಡು ಹೊಟ್ಟೆಕಿಚ್ಚುಪಡುವ ಮಾತುಗಳ ಹತ್ತಿರ ಲಿಂಕನ್ ನಿಂತ, ಕೊಲೆಗಾರನ ಮನಸ್ಸನ್ನು ಆ ಮಾತು ಎಷ್ಟು ಸರಿಯಾಗಿ ಹಿಡಿದಿದೆ ಎಂದು ವಿವರಿಸಿ ಅದೇ ಭಾಗವನ್ನು ಮತ್ತೊಮ್ಮೆ ಓದಿದ. ಸಾಯಲು ಆರು ದಿನ ಇತ್ತು. ಶಕುನವೆಂದು ಇದನ್ನು ಹೇಳುತ್ತಿಲ್ಲ, ಅಂಥ ಕಥೆಗಳು ಲಿಂಕನ್ ಹೆಸರಿನಲ್ಲಿ ಬೇಕಾದಷ್ಟಿವೆ. ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಯುದ್ಧ ನಡೆಸಿದ ಮನುಷ್ಯ ಆ ನಾಟಕದಲ್ಲಿ ಬೆರಳಿಟ್ಟು ತೋರಿಸಿದ್ದು ಕೊಲೆಯಾದ ನಂತರದ ಸಾಲುಗಳನ್ನು. ನಮ್ಮ ನಲವತ್ತು ನಿಮಿಷದ ಪ್ರಯೋಗದಲ್ಲಿ ಆ ಸಾಲುಗಳಿಗೆ ಜಾಗವಿಲ್ಲ.

ಬೂತ್‌ನ ಗುಂಡಿನಿಂದ ಸಿಕ್ಕಿದ್ದೇನು? ಅಧ್ಯಕ್ಷನಾದ ಆಂಡ್ರೂ ಜಾನ್ಸನ್ ಬಿಡುಗಡೆಯಾದ ಗುಲಾಮರಿಗೆ ನಾಗರಿಕ ಹಕ್ಕು ಕೊಡುವ ಮಸೂದೆಯನ್ನು 1866ರಲ್ಲಿ ತಡೆಹಿಡಿದ. ಸಂಸತ್ತು ಅವನನ್ನು ಮೀರಿ ಅದನ್ನು ಕಾಯಿದೆ ಮಾಡಿತು. ದಕ್ಷಿಣದಲ್ಲಿ ಸೈನ್ಯದ ಆಡಳಿತವೂ ಬಂತು, ಕರಿಯರ ಮೇಲೆ ಹೊಸ ಹೊಸ ಕಟ್ಟಳೆಗಳೂ ಬಂದವು. ಬೂತ್ ಯಾರಿಗಾಗಿ ಕೊಂದೆನೆಂದುಕೊಂಡನೋ ಅವರಿಗೂ ಅದು ಒಳಿತು ತರಲಿಲ್ಲ. ಅಣ್ಣ ಎಡ್ವಿನ್ ಎಂಟೊಂಬತ್ತು ತಿಂಗಳು ರಂಗ ಹತ್ತಲಿಲ್ಲ. 1866ರ ಜನವರಿಯಲ್ಲಿ ಹತ್ತಿದಾಗ ಹ್ಯಾಮ್ಲೆಟ್ ಆಗಿ ಬಂದ.

ಸೀಸರನನ್ನು ಕೊಂದ ಕೂಡಲೇ ಕ್ಯಾಸಿಯಸ್ ಒಂದು ಮಾತು ಹೇಳುತ್ತಾನೆ. ಇನ್ನೂ ಹುಟ್ಟದ ದೇಶಗಳಲ್ಲಿ, ಇನ್ನೂ ಕೇಳದ ನುಡಿಗಳಲ್ಲಿ, ನಮ್ಮ ಈ ಭವ್ಯ ದೃಶ್ಯವನ್ನು ಎಷ್ಟು ಯುಗಗಳವರೆಗೆ ಆಡುತ್ತಾರೋ ಎಂದು. ಕೈಯಲ್ಲಿ ಹಸಿ ರಕ್ತ, ತಲೆಯಲ್ಲಿ ಮುಂದಿನ ಪ್ರಯೋಗದ ಚಿಂತೆ. ಕೊಲೆಗಾರರ ಈ ನಟನೆಯ ಚಪಲವನ್ನು ಶೇಕ್ಸ್‌ಪಿಯರ್ ಬೂತ್ ಹುಟ್ಟುವ ಎರಡು ಶತಮಾನಕ್ಕೂ ಮೊದಲೇ ಹಿಡಿದಿಟ್ಟಿದ್ದ. ನಮ್ಮ ಮೊದಲ ತಂಡದ ಹುಡುಗರು ಆ ಸಾಲನ್ನು ಎದೆಯುಬ್ಬಿಸಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಅದು ನಾಟಕಕಾರ ಕೊಲೆಗಾರರ ಕಾಲೆಳೆಯುವ ಸಾಲು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಏಷ್ಯಾದ್ದೇ. ಇದು ನಾಟಕಕ್ಕೆ ಎಷ್ಟು ಹತ್ತಿರವೆಂದರೆ ಯಾರಾದರೂ ಕಥೆ ಕಟ್ಟಿ ತಂದಿದ್ದರೆ ‘ಇಷ್ಟು ಹೊಂದಿಸಬೇಡಿ ಮಾರಾಯ್ರೆ’ ಎಂದು ಬಿಡುತ್ತಿದ್ದೆ. 1979ರ ಅಕ್ಟೋಬರ್ 26, ದಕ್ಷಿಣ ಕೊರಿಯಾದ ಸಿಯೋಲ್. ಹದಿನೆಂಟು ವರ್ಷದಿಂದ ದೇಶವನ್ನು ಬಿಗಿಮುಷ್ಟಿಯಲ್ಲಿ ಹಿಡಿದಿದ್ದ ಪಾರ್ಕ್ ಚುಂಗ್ ಹೀ ಗುಪ್ತಚರ ಸಂಸ್ಥೆಯ ಅತಿಥಿಗೃಹವೊಂದರಲ್ಲಿ ಊಟಕ್ಕೆ ಕೂತಿದ್ದ. ಒಬ್ಬ ಗಾಯಕಿ, ಒಬ್ಬ ವಿದ್ಯಾರ್ಥಿನಿ, ಅಂಗರಕ್ಷಕ ದಳದ ಮುಖ್ಯಸ್ಥ ಚಾ ಜಿ ಚುಲ್, ಆಪ್ತ ಕಾರ್ಯದರ್ಶಿ, ಜತೆಗೆ ಆತಿಥೇಯ, ಅಂದರೆ ಗುಪ್ತಚರ ಮುಖ್ಯಸ್ಥ ಕಿಮ್ ಜೇ ಗ್ಯು. ಪಾರ್ಕ್ ಮತ್ತು ಕಿಮ್ ಒಂದೇ ಸೀಮೆಯವರು, ಸೈನಿಕ ಅಕಾಡೆಮಿಯಲ್ಲಿ ಸಹಪಾಠಿಗಳು, ಬಹುಕಾಲದ ಒಡನಾಡಿಗಳು. ಬುಸಾನ್, ಮಾಸಾನ್ ನಗರಗಳಲ್ಲಿ ಎದ್ದಿದ್ದ ಚಳವಳಿಯನ್ನು ಹೇಗೆ ಹತ್ತಿಕ್ಕಬೇಕೆಂಬ ಬಗ್ಗೆ ಊಟದ ಮೇಜಿನಲ್ಲೇ ಜಟಾಪಟಿಯಾಯಿತು. ಕಿಮ್ ಎದ್ದು ಹೊರಗೆ ಹೋಗಿ ಪಿಸ್ತೂಲು ತಂದ, ಮೊದಲು ಚಾನಿಗೆ, ಆಮೇಲೆ ಪಾರ್ಕ್‌ಗೆ ಹೊಡೆದ. ಪಿಸ್ತೂಲು ನಡುವೆ ಕೈಕೊಟ್ಟಿತು. ತನ್ನ ಕೈಕೆಳಗಿನವನ ರಿವಾಲ್ವರ್ ಇಸಿದುಕೊಂಡು ವಾಪಸು ಬಂದು ಕೆಲಸ ಮುಗಿಸಿದ.

ಡಂಕನ್ ಒಳಗೆ ಊಟಕ್ಕೆ ಕೂತಿರುವಾಗ ಮ್ಯಾಕ್‌ಬೆತ್ ತನಗೆ ತಾನೇ ಹೇಳಿಕೊಳ್ಳುವುದೇನು? ನಾನು ಇವನ ನೆಂಟ, ಇವನ ಪ್ರಜೆ, ಮೇಲಾಗಿ ಆತಿಥೇಯ. ಕೊಲೆಗಾರ ಬಂದರೆ ಬಾಗಿಲು ಹಾಕಬೇಕಾದವನು ನಾನೇ ಚೂರಿ ಹಿಡಿಯುವುದೇ? ಕಿಮ್‌ನ ಉದ್ಯೋಗವೇ ಬಾಗಿಲು ಕಾಯುವುದಾಗಿತ್ತು.

ಆದರೆ ನ್ಯಾಯಾಲಯದಲ್ಲಿ ಅವನು ಆಡಿದ್ದು ಬ್ರೂಟಸನ ಮಾತು. ಕಾಡುಮೃಗದ ಮನಸ್ಸಿನಿಂದ ಯುಶಿನ್‌ನ ಹೃದಯಕ್ಕೆ ಗುಂಡಿಟ್ಟೆ, ಪ್ರಜಾಪ್ರಭುತ್ವಕ್ಕಾಗಿ ಹೊಡೆದೆ ಎಂದ. ಯುಶಿನ್ ಎಂದರೆ ಪಾರ್ಕ್ ತನ್ನ ಕುರ್ಚಿಯನ್ನು ಭದ್ರ ಮಾಡಿಕೊಳ್ಳಲು 1972ರಲ್ಲಿ ತಂದ ಸಂವಿಧಾನ. ಸುಳ್ಳು ಹೇಳಿದನೆಂದು ನಾನು ಹೇಳಲಾರೆ. ಅವನನ್ನು ಪ್ರಜಾಪ್ರಭುತ್ವವಾದಿಯೆಂದು ನೋಡುವವರು ಕೊರಿಯಾದಲ್ಲಿ ಈಗಲೂ ಇದ್ದಾರೆ, 2025ರಲ್ಲಿ ಅವನ ಪ್ರಕರಣದ ಮರುವಿಚಾರಣೆಗೆ ಅಲ್ಲಿನ ಹೈಕೋರ್ಟು ಒಪ್ಪಿದೆ. ನನ್ನ ಆಸಕ್ತಿ ಕೊಲೆಯ ನಂತರದ ಅರ್ಧ ಗಂಟೆಯ ಮೇಲೆ. ಸೇನಾ ಮುಖ್ಯಸ್ಥ ಜನರಲ್ ಜಂಗ್ ಸುಂಗ್ ಹ್ವಾನನ್ನು ಕಿಮ್ ಮೊದಲೇ ಪಕ್ಕದ ಕಟ್ಟಡಕ್ಕೆ ಕರೆಸಿ ಕೂರಿಸಿದ್ದ. ಇಬ್ಬರೂ ಕಾರು ಹತ್ತಿದರು. ಎಲ್ಲಿಗೆ ಹೋಗುವುದು? ತನ್ನ ಜನರೇ ತುಂಬಿದ್ದ ಗುಪ್ತಚರ ಕಚೇರಿಗೋ, ಸೇನಾ ಕಚೇರಿಗೋ? ದಾರಿಯಲ್ಲಿ ಮಾತಾಡಿಕೊಂಡು ಸೇನಾ ಕಚೇರಿಗೆ ಹೋದರು. ಅಲ್ಲಿಗೆ ಕಿಮ್‌ನ ಆಟ ಮುಗಿಯಿತು. ಆ ರಾತ್ರಿ ಸರಿಯುವ ಮೊದಲೇ ಅವನು ಕೈದಿ. ಸೀಸರನ ಹೆಣ ಬಿದ್ದ ಮೇಲೆ ಏನೆಂದು ಬ್ರೂಟಸನೂ ಯೋಚಿಸಿರಲಿಲ್ಲ. ಆಂಟನಿಯನ್ನು ಬಿಡಬೇಡ ಎಂದು ಕ್ಯಾಸಿಯಸ್ ಬಡಕೊಂಡರೂ ಕೇಳದೆ, ಹೆಣದ ಜತೆ ಮೈದಾನವನ್ನೂ ಅವನ ಕೈಗೆ ಕೊಟ್ಟು ಹೊರಟುಹೋದ.

ಕೊರಿಯಾದ ಆಂಟನಿ ಯಾರು? ಕೊಲೆಯ ತನಿಖೆಯನ್ನು ವಹಿಸಿದ್ದು ಸೇನೆಯ ಭದ್ರತಾ ವಿಭಾಗದ ಮುಖ್ಯಸ್ಥ ಚುನ್ ಡೂ ಹ್ವಾನ್ ಎಂಬ ಮೇಜರ್ ಜನರಲ್‌ಗೆ. ಹೆಣದ ಕಥೆಯನ್ನು ಹೇಳುವ ಹಕ್ಕು ಅವನಿಗೆ ಸಿಕ್ಕಿತು. ಟಿವಿಯಲ್ಲಿ ಬಂದು ಯಾರು ಹೇಗೆ ಹೊಡೆದರೆಂದು ದೇಶಕ್ಕೆ ವಿವರಿಸಿದ. ಡಿಸೆಂಬರ್ 12ರಂದು, ಕೊಲೆಯಲ್ಲಿ ಕೈವಾಡವಿದೆ ಎಂಬ ನೆಪದಲ್ಲಿ, ತನಗಿಂತ ಮೇಲಿದ್ದ ಸೇನಾ ಮುಖ್ಯಸ್ಥ ಜಂಗ್‌ನನ್ನೇ ಬಂಧಿಸಿ ಸೇನೆಯನ್ನು ಕೈಗೆ ತಗೊಂಡ. 1980ರ ಮೇ ತಿಂಗಳಲ್ಲಿ ಗ್ವಾಂಗ್‌ಜು ನಗರದ ಜನ ಇದರ ವಿರುದ್ಧ ಬೀದಿಗಿಳಿದಾಗ ಪ್ಯಾರಾಟ್ರೂಪರುಗಳನ್ನು ಬಿಟ್ಟರು, ನೂರಾರು ಜನ ಸತ್ತರು. ಆ ದಂಗೆ ನಡೆಯುತ್ತಿದ್ದಾಗಲೇ, ಮೇ 24ರಂದು, ಕಿಮ್‌ನನ್ನು ಗಲ್ಲಿಗೇರಿಸಿದರು. ಸೆಪ್ಟೆಂಬರಿನಲ್ಲಿ ಚುನ್ ಅಧ್ಯಕ್ಷ. ಒಬ್ಬ ಸರ್ವಾಧಿಕಾರಿಯನ್ನು ಕಳೆದರೆ ಇನ್ನೊಬ್ಬ ಬಂದ. ಕೊರಿಯನ್ನರು ಅವನ ಕೈಯಿಂದ ನೇರ ಚುನಾವಣೆಯನ್ನು ಕಿತ್ತುಕೊಂಡದ್ದು 1987ರಲ್ಲಿ, ಬಂದೂಕಿಲ್ಲದೆ, ಲಕ್ಷಾಂತರ ಜನ ಬೀದಿಯಲ್ಲಿ ನಿಂತು.

ಆಂಟನಿ ಎಂದಾಗ ನಮ್ಮ ಹುಡುಗರಿಗೆ ಆ ಭಾಷಣ ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ನಾಲ್ಕನೆಯ ಅಂಕದ ಮೊದಲ ದೃಶ್ಯವನ್ನು ಓದಿಸಿ ನೋಡಿ. ಐವತ್ತು ಸಾಲಿನ ಪುಟ್ಟ ದೃಶ್ಯ. ಸೀಸರನ ನಂತರ ರೋಮನ್ನು ಕೈಗೆ ತೆಗೆದುಕೊಂಡ ಆಂಟನಿ, ಆಕ್ಟೇವಿಯಸ್, ಲೆಪಿಡಸ್ ಮೂವರು ಒಂದು ಪಟ್ಟಿ ಇಟ್ಟುಕೊಂಡು ಕೂತಿದ್ದಾರೆ. ಯಾರು ಯಾರು ಸಾಯಬೇಕೆಂದು ಹೆಸರಿನ ಮುಂದೆ ಚುಕ್ಕೆ ಹಾಕುತ್ತಿದ್ದಾರೆ. ನಿನ್ನ ಅಣ್ಣನೂ ಸಾಯಬೇಕು, ಒಪ್ಪಿಗೆಯಾ ಲೆಪಿಡಸ್? ಒಪ್ಪಿಗೆ, ಆದರೆ ನಿನ್ನ ಸೋದರಿಯ ಮಗ ಪಬ್ಲಿಯಸ್ ಉಳಿಯಕೂಡದು ಆಂಟನಿ. ಉಳಿಯುವುದಿಲ್ಲ, ನೋಡು, ಇಗೋ ಚುಕ್ಕೆ. ಅಷ್ಟಾದ ಮೇಲೆ ಆಂಟನಿ ಲೆಪಿಡಸನನ್ನು ಸೀಸರನ ಮನೆಗೆ ಓಡಿಸುತ್ತಾನೆ: ಆ ಉಯಿಲು ತಗೊಂಡು ಬಾ, ಕೊಡಬೇಕಾದ್ದರಲ್ಲಿ ಎಷ್ಟು ಕಡಿತ ಮಾಡಬಹುದು ನೋಡೋಣ. ಯಾವ ಉಯಿಲು? ಎರಡು ದೃಶ್ಯಗಳ ಹಿಂದೆ ಜನರ ಮುಂದೆ ಆಡಿಸಿ ತೋರಿಸಿ, ತಲೆಗೆ ಎಪ್ಪತ್ತೈದು ದ್ರಾಕ್ಮಾ ನಿಮಗೆ ಎಂದು ಕಣ್ಣೀರು ಹಾಕಿಸಿದ್ದ ಅದೇ ಉಯಿಲು. ಇದನ್ನು ಕತ್ತರಿಸಿದರೆ ಆಂಟನಿ ಸಾಚಾ ಗೆಳೆಯನಾಗಿಯೇ ಉಳಿದುಬಿಡುತ್ತಾನೆ. ನಮ್ಮ ಹುಡುಗನಿಗೆ ಬಹುಮಾನ ಬಂದದ್ದು ಅಂಥ ಆಂಟನಿಗೆ.

ಇದು ಕಟ್ಟುಕಥೆಯಲ್ಲ ಎನ್ನುವುದನ್ನೂ ಹೇಳಿಕೊಡಿ. ಕ್ರಿ.ಪೂ. 43ರಲ್ಲಿ ಆ ಮೂವರು ನಿಜಕ್ಕೂ ಪಟ್ಟಿ ಹೊರಡಿಸಿದರು. ಸೀಸರನ ಕೊಲೆಯಲ್ಲಿ ಕೈ ಹಾಕದಿದ್ದರೂ ಆಂಟನಿಯನ್ನು ಭಾಷಣಗಳಲ್ಲಿ ಬೈದಿದ್ದ ವೃದ್ಧ ಸಿಸೆರೋನ ತಲೆ ಮತ್ತು ಕೈ ಕಡಿದು ತಂದು, ಅವನು ಮಾತಾಡುತ್ತಿದ್ದ ವೇದಿಕೆಯ ಮೇಲೇ ಸಿಕ್ಕಿಸಿದರು.

ಬಿಡಲೇಬಾರದ ದೃಶ್ಯ ಇನ್ನೂ ಒಂದಿದೆ, ನಲವತ್ತು ಸಾಲೂ ಇಲ್ಲ. ಆಂಟನಿಯ ಭಾಷಣ ಮುಗಿದು ಜನ ಬೆಂಕಿ ಹಿಡಿದು ಹೊರಟಿದ್ದಾರೆ. ಸಿನ್ನಾ ಎಂಬ ಕವಿ ಒಬ್ಬನೇ ಬೀದಿಗೆ ಬರುತ್ತಾನೆ. ಹೆಸರೇನು, ಎಲ್ಲಿಗೆ ಹೊರಟೆ, ಮನೆ ಎಲ್ಲಿ, ಮದುವೆಯಾಗಿದೆಯಾ, ನಾಲ್ಕೂ ಕಡೆಯಿಂದ ಪ್ರಶ್ನೆ. ಹೆಸರು ಸಿನ್ನಾ ಎನ್ನುತ್ತಾನೆ. ಸಿನ್ನಾ ಎಂಬವನೊಬ್ಬ ಕೊಲೆಗಾರರ ಗುಂಪಿನಲ್ಲಿದ್ದ. ನಾನು ಅವನಲ್ಲ, ನಾನು ಕವಿ ಸಿನ್ನಾ ಎಂದು ಇವನು ಗೋಗರೆಯುತ್ತಾನೆ. ಹಾಗಾದರೆ ಕೆಟ್ಟ ಕವಿತೆ ಬರೆದದ್ದಕ್ಕೆ ಸೀಳಿ ಎನ್ನುತ್ತಾನೆ ಒಬ್ಬ. ಜನ ನಗುತ್ತಾರೆ, ಪ್ರೇಕ್ಷಕರೂ ನಗುತ್ತಾರೆ, ಆಮೇಲೆ ಅವನನ್ನು ಹರಿದು ಹಾಕುತ್ತಾರೆ. ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದ ಸೀಸರನ ಜೀವನಚರಿತ್ರೆಯಲ್ಲೂ ಈ ಪ್ರಸಂಗವಿದೆ.

ಹೆಸರು ಕೇಳಿ ಕೊಲ್ಲುವುದು. 1948ರ ಜನವರಿ 30ರಂದು ಗಾಂಧೀಜಿಯನ್ನು ಕೊಂದವನ ಹೆಸರು, ಜಾತಿ ಹೊರಬಿದ್ದ ಮೇಲೆ ಪುಣೆ, ಸಾತಾರಾ, ಕೊಲ್ಹಾಪುರದ ಕಡೆ, ಕೊಲೆಗೂ ತಮಗೂ ಸಂಬಂಧವೇ ಇಲ್ಲದ ಬ್ರಾಹ್ಮಣ ಕುಟುಂಬಗಳ ಮನೆಗಳು ಉರಿದವು. ಅಹಿಂಸೆಯ ಮನುಷ್ಯನ ಹೆಸರಿನಲ್ಲಿ! 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಅವರ ಮನೆಯ ಕಾವಲಿನವರೇ ಇಬ್ಬರು ಕೊಂದರು. ಅಂದು ಸಂಜೆಯಿಂದಲೇ ದೆಹಲಿಯಲ್ಲಿ ಪೇಟ, ಗಡ್ಡ ನೋಡಿ ಮನುಷ್ಯರನ್ನು ಬಸ್ಸಿನಿಂದ, ರೈಲಿನಿಂದ ಎಳೆಯುವುದು ಶುರುವಾಯಿತು. ಸರ್ಕಾರಿ ಲೆಕ್ಕದಂತೆಯೇ ದೆಹಲಿಯೊಂದರಲ್ಲಿ ಸತ್ತ ಸಿಖ್ಖರು 2,733. ದೊಡ್ಡ ಮರ ಬಿದ್ದಾಗ ನೆಲ ಅದುರುತ್ತದೆ ಎಂದು ಆ ನವೆಂಬರಿನಲ್ಲಿ ರಾಜೀವ್ ಗಾಂಧಿಯವರು ಆಡಿದ ಮಾತು ಎಲ್ಲರಿಗೂ ಗೊತ್ತು. ತಾಯಿಯನ್ನು ಕಳೆದುಕೊಂಡ ಮಗನನ್ನು ಆಂಟನಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ, ಅದು ಸಲ್ಲುವುದೂ ಇಲ್ಲ. ಆದರೆ ಅನಾಹುತವೇ, ಎದ್ದು ನಿಂತೆಯಲ್ಲ, ಇನ್ನು ನಿನಗೆ ಬೇಕಾದ ದಾರಿ ಹಿಡಿ ಎಂದು ಆಂಟನಿ ಕೈ ಒರೆಸಿಕೊಳ್ಳುವ ಸಾಲನ್ನು ಪಾಠ ಮಾಡುವಾಗೆಲ್ಲ ನನಗೆ ಆ ನವೆಂಬರ್ ನೆನಪಾಗುತ್ತಿತ್ತು. ತರಗತಿಯಲ್ಲಿ ಹೇಳಿದ್ದೂ ಉಂಟು.

ಬ್ರೂಟಸನ ಭಾಷಣಕ್ಕೂ ನಮ್ಮಲ್ಲೊಂದು ಜೋಡಿ ಇದೆ. ಗಾಂಧಿ ಹತ್ಯೆಯ ಮೇಲ್ಮನವಿ 1949ರ ಮೇ ತಿಂಗಳಲ್ಲಿ ಶಿಮ್ಲಾದ ಪೀಟರ್‌ಹಾಫ್ ಕಟ್ಟಡದಲ್ಲಿ ನಡೆಯಿತು. ಗೋಡ್ಸೆ ವಕೀಲರನ್ನು ಬೇಡವೆಂದು ತಾನೇ ಮಾತಾಡಿದ. ಪೀಠದಲ್ಲಿದ್ದ ಮೂವರಲ್ಲಿ ಒಬ್ಬರಾದ ಜಿ.ಡಿ. ಖೋಸ್ಲಾ ಮುಂದೆ ಅದರ ಬಗ್ಗೆ ಬರೆದರು. ಮಾತು ಮುಗಿದಾಗ ಹೆಂಗಸರು ಅಳುತ್ತಿದ್ದರಂತೆ, ಗಂಡಸರು ಕೆಮ್ಮುತ್ತ ಕರವಸ್ತ್ರ ಹುಡುಕುತ್ತಿದ್ದರಂತೆ. ತಾನು ಯಾವುದೋ ಭಾವಾತಿರೇಕದ ನಾಟಕದಲ್ಲೋ ಸಿನಿಮಾ ದೃಶ್ಯದಲ್ಲೋ ಇದ್ದ ಹಾಗೆ ಅನಿಸಿತಂತೆ. ಅವತ್ತು ಅಲ್ಲಿದ್ದ ಪ್ರೇಕ್ಷಕರನ್ನೇ ಜ್ಯೂರಿ ಮಾಡಿದ್ದರೆ ಬಹುಮತದಿಂದ ನಿರಪರಾಧಿ ಎಂದು ಬಿಡುತ್ತಿದ್ದರು ಎಂಬುದು ಅವರ ಅಂದಾಜು. ರೋಮಿನ ಜನ ಬ್ರೂಟಸನ ಮಾತು ಕೇಳಿ ‘ಇವನೇ ಸೀಸರ್ ಆಗಲಿ’ ಎಂದು ಕೂಗುತ್ತಾರಲ್ಲ, ಅದೇ. ಸೀಸರ್ ಬೇಡವೆಂದು ಕೊಂದವನಿಗೆ ಸಿಕ್ಕ ಮೊದಲ ಪ್ರಶಸ್ತಿ ಸೀಸರ್ ಪಟ್ಟ! ಖೋಸ್ಲಾ ಅವರ ಪೀಠ ಪ್ರೇಕ್ಷಕರ ಮಾತು ಕೇಳಲಿಲ್ಲ, ಶಿಕ್ಷೆಯನ್ನು ಎತ್ತಿಹಿಡಿಯಿತು. ಒಳ್ಳೆಯ ಮಾತುಗಾರನ ಮುಂದೆ ಕೂತ ನಾವು ಯಾರೂ ನಂಬಿಕಸ್ಥರಲ್ಲ ಎಂಬುದನ್ನು ತೋರಿಸಲು ಬ್ರೂಟಸ್, ಆಂಟನಿ ಇಬ್ಬರ ಭಾಷಣಗಳನ್ನೂ ಒಂದರ ಹಿಂದೆ ಒಂದು ಇಡಲೇಬೇಕು. ಎಷ್ಟೋ ತಂಡಗಳು ಬ್ರೂಟಸನದನ್ನು ನಾಲ್ಕು ವಾಕ್ಯಕ್ಕೆ ಇಳಿಸಿಬಿಡುತ್ತವೆ.

ಇಂಗ್ಲಿಷ್ ಮೇಷ್ಟರಿಗೆ ಶೇಕ್ಸ್‌ಪಿಯರ್ ಬಿಟ್ಟು ಬೇರೆ ಗೊತ್ತಿಲ್ಲವೇ ಎಂದು ಸಂಸ್ಕೃತದ ಗೆಳೆಯರು ಕೇಳಬಹುದು. ವಿಶಾಖದತ್ತನ ‘ಮುದ್ರಾರಾಕ್ಷಸ’ ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ನಂದರ ನಾಶ, ವಿಷಕನ್ಯೆಯಿಂದ ಮಿತ್ರರಾಜ ಪರ್ವತಕನ ಕೊಲೆ, ಎಲ್ಲವೂ ನಾಟಕ ಆರಂಭವಾಗುವ ಮೊದಲೇ ಆಗಿಹೋಗಿವೆ. ಚಂದ್ರಗುಪ್ತನನ್ನು ಕೊಲ್ಲಲು ನಂದರ ಅಮಾತ್ಯನಾಗಿದ್ದ ರಾಕ್ಷಸ ಹೂಡಿದ ಸಂಚುಗಳು ಒಂದೊಂದಾಗಿ ಹೇಗೆ ತಿರುಗಿಬಿದ್ದವೆಂದು ಹಾವಾಡಿಗನ ವೇಷದ ಗೂಢಚಾರ ಬಂದು ಹೇಳುತ್ತಾನೆ. ಬೀಳಿಸಬೇಕಿದ್ದ ತೋರಣ ಬೇರೆಯವನ ಮೇಲೆ ಬಿತ್ತು. ವಿಷ ಬೆರೆಸಿದ ವೈದ್ಯನೇ ಅದನ್ನು ಕುಡಿಯಬೇಕಾಯಿತು. ಮಲಗುವ ಮನೆಯ ಸುರಂಗದಲ್ಲಿ ಅಡಗಿದ್ದವರದ್ದು ಇನ್ನೂ ಸೊಗಸು: ಗೋಡೆಯ ಬಿರುಕಿನಿಂದ ಇರುವೆಗಳು ಅನ್ನದ ಅಗುಳು ಹೊತ್ತು ಸಾಲಾಗಿ ಹೊರಬರುವುದನ್ನು ಚಾಣಕ್ಯ ನೋಡಿದ, ಒಳಗೆ ಊಟ ಮಾಡುವವರಿದ್ದಾರೆಂದು ಗೊತ್ತಾಯಿತು, ಕೋಣೆಗೆ ಬೆಂಕಿ ಹಾಕಿಸಿದ. ಪರ್ವತಕನನ್ನು ಕೊಲ್ಲಿಸಿದ್ದು ಚಾಣಕ್ಯನಾದರೂ ಊರಿಗೆಲ್ಲ ಹಬ್ಬಿಸಿದ್ದು ರಾಕ್ಷಸನ ಹೆಸರನ್ನು. ಕೊಲೆಯ ಕಥೆ ಯಾರ ಬಾಯಲ್ಲಿದೆಯೋ ಅವನದೇ ರಾಜ್ಯ ಎನ್ನುವುದು ಚುನ್ ಡೂ ಹ್ವಾನ್‌ಗೆ ಹೊಸದಾಗಿ ಹೊಳೆದದ್ದಲ್ಲ. ಆದರೆ ಏಳನೆಯ ಅಂಕದ ಕೊನೆಗೆ ಚಾಣಕ್ಯ ಶತ್ರುವನ್ನು ಕೊಲ್ಲುವುದಿಲ್ಲ. ಗೆಳೆಯನ ಪ್ರಾಣ ಉಳಿಸಲು ತಾನಾಗಿ ಬಂದ ರಾಕ್ಷಸನಿಗೆ ಮಂತ್ರಿಯ ಪದವಿ ಕೊಟ್ಟು ತಾನು ಸರಿದುಕೊಳ್ಳುತ್ತಾನೆ. ಕೆಂಪುನಾರಾಯಣ 1823ರಲ್ಲಿ ಇದೇ ಕಥೆಯನ್ನು ‘ಮುದ್ರಾಮಂಜೂಷ’ ಎಂದು ಕನ್ನಡ ಗದ್ಯಕ್ಕೆ ತಂದ. ಸ್ಪರ್ಧೆಯಲ್ಲಿ ಇದನ್ನು ಆಡುವವರನ್ನು ನಾನು ಕಂಡಿಲ್ಲ, ಆಡಿದರೆ ತೀರ್ಪಿಗೆ ಸಂಭಾವನೆ ಇಲ್ಲದೆ ಬರುತ್ತೇನೆ.

ಕತ್ತರಿ ಹಾಕುವುದೇ ತಪ್ಪು ಎನ್ನುವ ಮಡಿವಂತಿಕೆ ನನಗಿಲ್ಲ. ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್ 1937ರಲ್ಲಿ ನ್ಯೂಯಾರ್ಕಿನಲ್ಲಿ ಸೀಸರನಿಗೆ ಮುಸೊಲಿನಿ ಕಾಲದ ಸಮವಸ್ತ್ರ ಹಾಕಿಸಿ ಆಡಿಸಿದಾಗ ಯುದ್ಧದ ಭಾಗವನ್ನೆಲ್ಲ ಧಾರಾಳವಾಗಿ ಕತ್ತರಿಸಿದ್ದ, ಮಧ್ಯಂತರವನ್ನೂ ಇಟ್ಟಿರಲಿಲ್ಲ. ಆದರೆ ಸಿನ್ನಾ ದೃಶ್ಯವನ್ನು ಬಿಡದೆ ಬೆಳೆಸಿದ. ಆ ಪ್ರಯೋಗದಲ್ಲಿ ಜನ ಉಸಿರು ಬಿಗಿಹಿಡಿದದ್ದು ಕೊಲೆಗಿಂತ ಹೆಚ್ಚಾಗಿ ಅಲ್ಲೇ. 2017ರ ಬೇಸಿಗೆಯಲ್ಲಿ ಸೆಂಟ್ರಲ್ ಪಾರ್ಕಿನ ಬಯಲು ರಂಗಮಂದಿರದಲ್ಲಿ ಸೀಸರನನ್ನು ಟ್ರಂಪ್ ಹೋಲುವಂತೆ ಮಾಡಿದ್ದಕ್ಕೆ ದೊಡ್ಡ ಗಲಾಟೆಯಾಯಿತು, ಡೆಲ್ಟಾ ವಿಮಾನ ಸಂಸ್ಥೆ, ಬ್ಯಾಂಕ್ ಆಫ್ ಅಮೆರಿಕ ಪ್ರಾಯೋಜಕತ್ವ ಹಿಂತೆಗೆದುಕೊಂಡವು, ಪ್ರದರ್ಶನದ ನಡುವೆ ರಂಗಕ್ಕೆ ನುಗ್ಗಿ ಕೂಗಾಡಿದವರೂ ಇದ್ದರು. ಕೊಲೆಯನ್ನು ವೈಭವೀಕರಿಸುತ್ತಿದ್ದಾರೆ ಎಂದು ದೂರು. ಕೂಗಾಡಿದವರ ತಲೆಯಲ್ಲೂ ನಾಟಕ ಮೂರನೆಯ ಅಂಕಕ್ಕೇ ಮುಗಿದಿತ್ತು. ಬೂತ್ ಸೋದರರು ಆಡಿ ಹಣ ಕೂಡಿಸಿದ ಶೇಕ್ಸ್‌ಪಿಯರನ ಪ್ರತಿಮೆ ನಿಂತಿರುವುದೂ ಅದೇ ಪಾರ್ಕಿನಲ್ಲಿ.

ಈಗ ಕೆಲಸದ ಮಾತಿಗೆ ಬರುತ್ತೇನೆ. ನಿಯಮಾವಳಿ ಬರೆಯುವವರು ಸಮಯವನ್ನು ಅರವತ್ತು ನಿಮಿಷಕ್ಕೆ ಏರಿಸಿ. ಇಡೀ ನಾಟಕದ ಸಂಕ್ಷಿಪ್ತ ರೂಪವಿದ್ದರೆ ಹೆಚ್ಚುವರಿ ಅಂಕ ಎಂದು ಒಂದು ಸಾಲು ಸೇರಿಸಿ. ನಿರ್ದೇಶಕರು ಸಿಡಿಲು ಮಳೆಯ ರಾತ್ರಿಯನ್ನು ಅರ್ಧಕ್ಕಿಳಿಸಬಹುದು, ಎಚ್ಚರಿಕೆಯ ಪತ್ರ ತರುವ ಆರ್ಟಿಮಿಡೋರಸನನ್ನು ಪೂರ್ತಿ ಬಿಡಬಹುದು, ಸೀಸರನ ಹೆಂಡತಿ ಕಲ್ಪೂರ್ನಿಯಾಳ ಕನಸಿನ ವಿವರಣೆಯನ್ನು ಮೊಟಕು ಮಾಡಬಹುದು. ಸಿನ್ನಾ ಮತ್ತು ಪಟ್ಟಿಯ ದೃಶ್ಯ ಎರಡೂ ಸೇರಿ ಐದಾರು ನಿಮಿಷ. ಬ್ರೂಟಸ್–ಕ್ಯಾಸಿಯಸ್ ಜಗಳಕ್ಕೆ ಎಂಟು ನಿಮಿಷ ಕೊಡಿ. ಲಂಚ ತಿಂದೆ ಎಂದು ಗೆಳೆಯನನ್ನು ಬೈಯುತ್ತಲೇ, ನನ್ನ ಸೈನ್ಯಕ್ಕೆ ದುಡ್ಡು ಕಳಿಸಲಿಲ್ಲ ಏಕೆ ಎಂದು ಕೇಳುವ ಬ್ರೂಟಸನನ್ನು ಒಳ್ಳೆಯ ನಟನೊಬ್ಬನ ಕೈಗೆ ಕೊಟ್ಟರೆ ಡಲ್ಲು ಹೊಡೆಯುವ ಪ್ರಶ್ನೆಯೇ ಇಲ್ಲ. ಬ್ರೂಟಸ್ ಸೋಲುವ ಕೊನೆಯ ಫಿಲಿಪ್ಪಿ ಯುದ್ಧಕ್ಕೆ ಮೂರು ನಿಮಿಷ ಸಾಕು. ಗುಂಪಿನ ದೃಶ್ಯಕ್ಕೆ ಹುಡುಗರು ಸಾಲದಿದ್ದರೆ ಕೊಲೆಗಾರರ ಪಾತ್ರ ಮಾಡಿದವರನ್ನೇ ಟೋಗ ಎಂಬ ರೋಮನ್ ಮೇಲುಡುಪು ಕಳಚಿ ಜನರ ಗುಂಪಿಗೆ ಸೇರಿಸಿ. ಪಠ್ಯ ಸಮಿತಿಯವರು ಆಂಟನಿಯ ಭಾಷಣ ಕೊಡುವುದಾದರೆ ಅದರ ಬೆನ್ನಿಗೇ ನಾಲ್ಕನೆಯ ಅಂಕದ ಆ ಐವತ್ತು ಸಾಲನ್ನೂ ಅಚ್ಚು ಹಾಕಿಸಿ. ಪುಟ ಸಾಲದಿದ್ದರೆ ಭಾಷಣದಲ್ಲೇ ಹತ್ತು ಸಾಲು ಕಡಿಮೆ ಮಾಡಿ, ಆಂಟನಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಇತಿ,
ಶಿವಮೊಗ್ಗದ ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟರು